ಹನ್ನೊಂದು ದಾರ

"ಗುರುಗಳೇ, ತಪ್ಪನ್ನು ತಿದ್ದಿ ಬರೆಯಲೇ, ಇದ್ದಂತೆಯೇ ಬರೆಯಲೇ?" ಎಂದು ಶಿಷ್ಯ ಕೇಳಿದ.

ಅವನ ಮುಂದೆ ಒಂದು ಹಳೆಯ ಪುಸ್ತಕವಿತ್ತು. ಗುರುಗಳ ಗುರುಗಳು ಮಠದ ಅಂಗಳದಲ್ಲಿ ಕೋಲು ನೆಟ್ಟು, ಇಪ್ಪತ್ತು ವರ್ಷ ಮಧ್ಯಾಹ್ನದ ನೆರಳನ್ನು ಅಳೆದು ಬರೆದಿಟ್ಟ ಪುಸ್ತಕ. ಹಾಳೆಗಳು ಪುಡಿಯಾಗುತ್ತಿದ್ದವು. ಹೊಸ ಪ್ರತಿ ಮಾಡುವ ಕೆಲಸ ಶಿಷ್ಯನದು. ಎಂಟನೆಯ ವರ್ಷಕ್ಕೆ ಬಂದಾಗ ಅವನಿಗೆ ಒಂದು ಸಂಗತಿ ಗೊತ್ತಾಯಿತು. ಆ ವರ್ಷ ಕೋಲನ್ನು ಕಿತ್ತು ಹೊಸದಾಗಿ ನೆಟ್ಟಿದ್ದರು. ಅಲ್ಲಿಯವರೆಗೆ ಅದು ತುಸು ವಾಲಿಕೊಂಡೇ ಇತ್ತು. ಮೊದಲ ಏಳು ವರ್ಷದ ನೆರಳುಗಳೆಲ್ಲ ಒಂದೊಂದು ಬೆರಳು ಹೆಚ್ಚು.

"ನೀವು ದಿನಾ ಬೆಳಗ್ಗೆ ಅವರ ಹೆಸರು ಹೇಳಿ ಕೈ ಮುಗಿಯುತ್ತೀರಿ. ಅವರ ತಪ್ಪನ್ನು ನಾನು ಮತ್ತೆ ನನ್ನ ಕೈಯಾರೆ ಬರೆಯುವುದು ಕೃತಘ್ನತೆ ಅಲ್ಲವೇ? ಒಂದೊಂದು ಬೆರಳು ಕಡಿಮೆ ಮಾಡಿ ಬರೆದರೆ ಅವರ ಮರ್ಯಾದೆ ಉಳಿಯುತ್ತದೆ."

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿಯಿದ್ದ. ಹಿತ್ತಾಳೆ, ಕಬ್ಬಿಣದ ವ್ಯಾಪಾರ. ಕಚೇರಿಗಳು ಬೇಡವೆಂದು ಹೊರಗೆ ಹಾಕಿದ್ದನ್ನು ಕೊಂಡು ಕರಗಿಸುವವರಿಗೆ ಮಾರುತ್ತಿದ್ದ. ಆದರೆ ಅಳತೆಯ ಸಾಮಾನು ಕೈಗೆ ಬಂದರೆ ಮಾತ್ರ ಅವನಿಗೆ ಕುಲುಮೆಗೆ ಕೊಡಲು ಮನಸ್ಸು ಬರುತ್ತಿರಲಿಲ್ಲ. ತಕ್ಕಡಿ, ದಿಕ್ಸೂಚಿ, ಮರಳು ಗಡಿಯಾರ, ಮಳೆ ಅಳೆಯುವ ಪಾತ್ರೆ, ಎಲ್ಲವನ್ನೂ ಎತ್ತಿಡುತ್ತಿದ್ದ. ಭಾವುಕತೆಯೇನಲ್ಲ. ತೂಕದಿಂದ, ಅಳತೆಯಿಂದ ಬದುಕಿದವನು ತಾನು. ಅನ್ನ ಕೊಟ್ಟ ಸಾಮಾನನ್ನು ಬೆಂಕಿಗೆ ಹಾಕುವುದು ಸರಿಯಲ್ಲ ಎಂಬುದು ಅವನ ಎಣಿಕೆ. ಅಂಗಡಿಯ ಹಿಂದಿನ ಕೋಣೆ ತುಂಬುತ್ತ ಹೋಯಿತು. ದೂರದ ಊರಿನವರು ನೋಡಲು ಬರತೊಡಗಿದರು.

ವ್ಯಾಪಾರಿಗೆ ತಂದೆಯಿಂದ ಬಂದ ಒಂದು ಅಭ್ಯಾಸವಿತ್ತು. ಒಳಗೆ ಬಂದ ಮಾಲನ್ನು ಮುಟ್ಟುವ ಮೊದಲು ಬರೆಯಬೇಕು. ಸೀಳಿದ್ದರೆ ಸೀಳು, ಕೊಳೆಯಿದ್ದರೆ ಕೊಳೆ. ನಾಳೆ ಮಾರಿದವನು ಬಂದು "ನಾನು ಕೊಟ್ಟದ್ದು ಇದಲ್ಲ" ಎಂದು ಜಗಳಕ್ಕೆ ನಿಂತರೆ ಬಾಯಿಗೆ ಬಾಯಿ ಕೊಡದೆ ಪುಸ್ತಕ ತೆರೆದು ತೋರಿಸಬಹುದು. ಅಷ್ಟೇ ಉದ್ದೇಶ. ಬರೆದಾದ ಮೇಲೆ ಅವನು ತನಗೆ ಸರಿ ಕಂಡಂತೆ ಮಾಡುತ್ತಿದ್ದ.

ಒಂದು ದಿನ ಮೋಜಣಿ ಕಚೇರಿಯ ಹಳೆಯ ಕಬ್ಬಿಣದ ರಾಶಿಯಲ್ಲಿ ಹೊಲ ಅಳೆಯುವ ಸರಪಳಿಯೊಂದು ಬಂತು. ನೂರು ಕೊಂಡಿಗಳು, ಎರಡು ತುದಿಗೆ ಹಿತ್ತಾಳೆಯ ಹಿಡಿ. ಹಿಡಿಯ ಮೇಲೆ ಅದನ್ನು ಕಚೇರಿಗೆ ತಂದ ವರ್ಷ ಕೊರೆದಿತ್ತು. ಒಂದು ಹಿಡಿಯ ಬಳೆಗೆ ಯಾರೋ ದಾರಗಳನ್ನು ಸಾಲಾಗಿ ಕಟ್ಟಿದ್ದರು. ಎಣ್ಣೆ, ಮಣ್ಣು ಮೆತ್ತಿ ಕಪ್ಪಾಗಿದ್ದವು. ವ್ಯಾಪಾರಿ ಅಭ್ಯಾಸದಂತೆ ಬರೆದ: ದಾರ ಹನ್ನೊಂದು, ಮೊದಲ ದಾರಕ್ಕೆ ಗಂಟಿಲ್ಲ, ಉಳಿದವುಗಳ ಗಂಟು ಸಾಲಾಗಿ ಒಂದು, ಒಂದು, ಎರಡು, ಮೂರು, ಮೂರು, ನಾಲ್ಕು, ಐದು, ಆರು, ಏಳು, ಏಳು.

ಬರೆದಾದ ಮೇಲೆ ದಾರಗಳನ್ನು ಕತ್ತರಿಸಿ ಬಿಸಾಡಿದ. ಹಿಡಿಗಳಿಗೆ ಹುಣಸೆಹಣ್ಣು ಹಾಕಿ ತಿಕ್ಕಿಸಿದ. ಕೊಂಡಿಗಳ ನಡುವೆ ಎಳೆದೆಳೆದು ಬಾಯಿಬಿಟ್ಟಿದ್ದ ಬಳೆಗಳನ್ನು ಕಮ್ಮಾರನಿಂದ ಬಡಿಸಿ, ಸರಪಳಿಯನ್ನು ಹೊಸದರಷ್ಟೇ ಉದ್ದಕ್ಕೆ ತಂದ. ಗೋಡೆಗೆ ತೂಗುಹಾಕಿ ದೂರ ನಿಂತು ನೋಡಿದ. ಅವನಿಗೆ ಬಹಳ ಹೆಮ್ಮೆಯಾಯಿತು.

ಕೆಲವು ತಿಂಗಳ ಮೇಲೆ ಒಬ್ಬ ಹೆಂಗಸು ಬಂದಳು. ವಯಸ್ಸಾದವಳು, ಬಿಸಿಲಲ್ಲಿ ನಡೆದು ಬಂದಿದ್ದಳು.

"ಸಾಹುಕಾರ್ರೇ, ನಮ್ಮ ಅಪ್ಪ ಮೋಜಣಿಯವರ ಕೈಕೆಳಗೆ ಸರಪಳಿ ಎಳೆಯುತ್ತಿದ್ದ. ಆ ಸರಪಳಿ ನಿಮ್ಮಲ್ಲಿದೆಯಂತೆ."

ವ್ಯಾಪಾರಿ ಸಂತೋಷದಿಂದ ಒಳಗೆ ಕರೆದೊಯ್ದು ತೋರಿಸಿದ. ಅವಳು ಒಂದು ಹಿಡಿ ನೋಡಿದಳು, ಇನ್ನೊಂದು ಹಿಡಿ ನೋಡಿದಳು.

"ಇದೇನು ದೇವರ ಮನೆಯ ಗಂಟೆಯೇ, ಇಷ್ಟು ತಿಕ್ಕಿದ್ದೀರಿ? ದಾರ ಎಲ್ಲಿ?"

"ಅದಾ? ಕೊಳಕು ದಾರ, ತಾಯಿ. ಕಿತ್ತುಹಾಕಿದೆ."

ಹೆಂಗಸು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ಕುಳಿತಲ್ಲಿಂದಲೇ ಹೇಳಿದಳು. ಎಳೆದ ಹಾಗೆಲ್ಲ ಸರಪಳಿ ಉದ್ದವಾಗುತ್ತದೆ. ಅವಳ ತಂದೆ ವರ್ಷಕ್ಕೊಮ್ಮೆ ಅದನ್ನು ಕಚೇರಿಯ ಮುಂದಿನ ಎರಡು ಗುರುತಿನ ಕಲ್ಲುಗಳ ನಡುವೆ ಹಾಸಿ ನೋಡುತ್ತಿದ್ದ. ಎಷ್ಟು ಬೆರಳು ಹೆಚ್ಚಾಗಿದೆಯೆಂದು ಮೇಲಿನವರಿಗೆ ಹೇಳಿದ್ದ. "ನಿನ್ನ ಕೆಲಸ ಎಳೆಯುವುದು, ಎಳಿ" ಎಂದಿದ್ದರು. ಅವನಿಗೆ ಬರಹ ಬಾರದು. ವರ್ಷಕ್ಕೊಂದು ದಾರ ಕಟ್ಟಿದ, ಹೆಚ್ಚಾದ ಬೆರಳಿಗೊಂದು ಗಂಟು ಹಾಕಿದ.

"ಈಗ ಹೊಸ ಅಳತೆ ಬಂದಿದೆ" ಎಂದಳು. "ಕಾಗದದಲ್ಲಿ ನಮ್ಮ ಹೊಲದ ಉದ್ದ ಹನ್ನೆರಡು ಸರಪಳಿ. ಹೊಸ ಅಳತೆಗೆ ಮೂರು ಮೊಳ ಹೆಚ್ಚು ಬರುತ್ತದೆ. ಒತ್ತುವರಿ ಮಾಡಿದ್ದೀರಿ ಅಂತ ಪಕ್ಕದವನು ಹಟ ಹಿಡಿದಿದ್ದಾನೆ. ಆ ಮೂರು ಮೊಳದಲ್ಲಿ ನಾನು ನಿಂತು ನೀರು ಸೇದುವ ಕಲ್ಲಿದೆ. ಬಾವಿ ನನ್ನದಂತೆ, ಕಲ್ಲು ಅವನದಂತೆ. ಇನ್ನು ಗಾಳಿಯಲ್ಲಿ ನಿಂತು ಸೇದಬೇಕು. ಅಪ್ಪನ ದಾರ ಇದ್ದಿದ್ದರೆ ಮೋಜಣಿದಾರರಿಗೆ ತೋರಿಸುತ್ತಿದ್ದೆ."

ವ್ಯಾಪಾರಿ ಗೋಡೆಯ ಕಡೆ ನೋಡಿದ. ಸರಪಳಿ ಈಗ ಸರಿಯಾದ ಅಳತೆಗೆ ಬಂದಿತ್ತು. ಸರಿಯಾದದ್ದರಿಂದಲೇ ಅದು ಯಾವ ಸಾಕ್ಷಿಯನ್ನೂ ಹೇಳಲಾರದಾಗಿತ್ತು. ಸರಿ ಮಾಡಿಸಿದವನು ತಾನೇ. ಜೀವಮಾನದಲ್ಲಿ ಎಷ್ಟೋ ಬಾರಿ ಮೋಸ ಹೋಗಿದ್ದ. ಆದರೆ ಇಷ್ಟು ಶ್ರದ್ಧೆಯಿಂದ ಯಾವ ಮಾಲನ್ನೂ ಹಾಳು ಮಾಡಿರಲಿಲ್ಲ.

ಆಮೇಲೆ ಅವನಿಗೆ ಪುಸ್ತಕ ನೆನಪಾಯಿತು.

ಮರುದಿನ ಇಬ್ಬರೂ ಮೋಜಣಿದಾರನ ಬಳಿ ಹೋದರು. ಹಿಡಿಯ ಮೇಲೆ ಕೊರೆದ ವರ್ಷದಿಂದ ಎಣಿಸಿದರೆ, ಅವಳ ಹೊಲ ಅಳೆದದ್ದು ಆ ಸರಪಳಿಯ ಒಂಬತ್ತನೆಯ ವರ್ಷ. ಒಂಬತ್ತನೆಯ ದಾರಕ್ಕೆ ಆರು ಗಂಟು. ಸರಪಳಿಗೆ ಆರು ಬೆರಳು ಹೆಚ್ಚು, ಹನ್ನೆರಡು ಸರಪಳಿಗೆ ಎಪ್ಪತ್ತೆರಡು ಬೆರಳು. ಮೊಳಕ್ಕೆ ಇಪ್ಪತ್ತನಾಲ್ಕು ಬೆರಳಿನಂತೆ ಸರಿಯಾಗಿ ಮೂರು ಮೊಳ.

ಮೋಜಣಿದಾರ ಸುಲಭಕ್ಕೆ ಒಪ್ಪುವವನಲ್ಲ. "ಅಂಗಡಿಯ ಪುಸ್ತಕ ನಂಬಿ ನಾನು ಗಡಿ ಬರೆಯಲೇ?" ಎಂದು ನಕ್ಕ. ಆದರೂ ಎದ್ದ. ಅದೇ ವರ್ಷ ಅದೇ ಸರಪಳಿಯಿಂದ ಅಳೆದ ದೇವಸ್ಥಾನದ ಹೊಲ ಹತ್ತಿರದಲ್ಲಿತ್ತು. ಅದರ ಬಾಂದುಕಲ್ಲುಗಳ ಮೇಲೆ ಯಾರ ತಕರಾರೂ ಇರಲಿಲ್ಲ. ಕಾಗದದಲ್ಲಿ ಎಂಟು ಸರಪಳಿ. ಗಂಟಿನ ಮಾತು ನಿಜವಾದರೆ ಎರಡು ಮೊಳ ಹೆಚ್ಚು ಬರಬೇಕು. ಅಳೆದು ನೋಡಿದ. ಎರಡು ಮೊಳವೇ ಬಂತು. ಅವನು ನಗುವುದನ್ನು ನಿಲ್ಲಿಸಿದ. ಕಲ್ಲು ಬಾವಿಯೊಂದಿಗೇ ಉಳಿಯಿತು.

ವಾರ ಕಳೆದು ಹೆಂಗಸು ಒಂದು ಕೊಡ ನೀರು ಹೊತ್ತು ಅಂಗಡಿಗೆ ಬಂದಳು.

"ನನಗೇಕೆ ತಾಯಿ?" ಎಂದ ವ್ಯಾಪಾರಿ. "ದಾರ ಕಿತ್ತವನು ನಾನು."

"ಕಿತ್ತದ್ದಕ್ಕೆ ಬೈದುಕೊಂಡೇ ಬಂದಿದ್ದೇನೆ, ದಾರಿಯುದ್ದಕ್ಕೂ" ಎಂದಳು. "ಅಪ್ಪ ಬರೆಯಲು ಬಾರದೆ ಕಟ್ಟಿದ. ನೀವು ತಿಳಿಯದೆ ಬರೆದಿರಿ. ಇಬ್ಬರಿಗೂ ಸೇರಿ ಒಂದೇ ಕೊಡ. ಕುಡಿಯಿರಿ."

ವ್ಯಾಪಾರಿ ಕುಡಿದ. ಆಮೇಲೆ ಕೋಣೆಗೆ ಹೋದ. ಹೊಸ ದಾರ ತಂದು ಗಂಟು ಹಾಕಿ ಸರಪಳಿಗೆ ಕಟ್ಟಬಹುದಿತ್ತು. ನೋಡುವವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ಒಂದು ಚೀಟಿ ಬರೆದು ಹಿಡಿಗೆ ತೂಗುಹಾಕಿದ. ಅದರಲ್ಲಿ ಸರಪಳಿ ಎಳೆದವನ ಹೆಸರಿತ್ತು, ಹನ್ನೊಂದು ದಾರಗಳ ಗಂಟುಗಳ ಲೆಕ್ಕವಿತ್ತು. ಕೊನೆಗೆ ಇಷ್ಟಿತ್ತು: "ದಾರಗಳನ್ನು ಕಿತ್ತವನು, ಸರಪಳಿಯನ್ನು ಬಡಿಸಿದವನು ನಾನು." ಕೆಳಗೆ ರುಜು ಹಾಕಿದ. ಅಂದಿನಿಂದ ಆ ಕೋಣೆಗೆ ಹುಣಸೆಹಣ್ಣು ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹಳೆಯ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡ. ಎಂಟನೆಯ ವರ್ಷದ ಹಾಳೆ ತೆರೆದೇ ಇತ್ತು. ಅಂಚಿನಲ್ಲಿ "ಇಂದು ಕೋಲು ಕಿತ್ತು ನೆಟ್ಟಿದ್ದೇನೆ, ಮೊದಲು ವಾಲಿತ್ತು" ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಹಿಂದಿನ ಏಳು ವರ್ಷದ ಒಂದು ಅಂಕಿಯ ಮೇಲೂ ಗೀಟು ಎಳೆದಿರಲಿಲ್ಲ.

"ಹಾಗಾದರೆ ಗುರುಗಳೇ, ನೀವು ದಿನಾ ಕೈ ಮುಗಿಯುವುದು ಅವರ ಸರಿಯಾದ ಹದಿಮೂರು ವರ್ಷಕ್ಕಲ್ಲವೇ?"

ಗುರುಗಳು ಹೇಳಿದರು: "ಅಲ್ಲಪ್ಪ, ನಿನ್ನಂಥ ಹುಡುಗನಿಗೂ ತಪ್ಪು ಕಾಣುವ ಹಾಗೆ ಬರೆದಿಟ್ಟ ಆ ಏಳು ವರ್ಷಕ್ಕೆ."