ಸಿದ್ದಿಗಳ ರುಮಾಲು

ಶಿಷ್ಯ ಕೇಳಿದ: "ಗುರುಗಳೇ, ಕಪ್ಪು ಮೈಯವರನ್ನು ಜನ ಕೀಳಾಗಿ ಕಾಣುವುದು ತಪ್ಪು, ಒಪ್ಪಿದೆ. ಆದರೆ ಕಳವಿನಲ್ಲಿ ಸಿಕ್ಕಿಬೀಳುವವರೂ ಅವರೇ ಅಲ್ಲವೇ? ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ?"

ಗುರುಗಳು ಹೇಳಿದರು:

ಬಂದರಿನಲ್ಲಿ ಒಬ್ಬ ಮೆಣಸಿನ ವ್ಯಾಪಾರಿ ಇದ್ದ. ಅವನ ಮಳಿಗೆಯಲ್ಲಿ ಮೂಟೆ ಹೊರುವ ಹಮಾಲರು ಇಪ್ಪತ್ತು ಮಂದಿ. ಅವರಲ್ಲಿ ನಾಲ್ವರು ಸಿದ್ದಿಗಳು. ಅವರ ಅಜ್ಜಂದಿರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಅದೇ ತೀರದಲ್ಲಿ ಮಾರಿದ್ದರು. ವ್ಯಾಪಾರಿ ಯಾರನ್ನೂ ದ್ವೇಷಿಸುವವನಲ್ಲ. ಕೂಲಿಯಲ್ಲಿ ಭೇದ ಮಾಡಿದವನೂ ಅಲ್ಲ. ಸರಕು ಕಾಯುವುದು ತನ್ನ ಧರ್ಮ ಎಂದುಕೊಂಡಿದ್ದ, ಅಷ್ಟೆ. ಸಂಜೆ ಹಮಾಲರು ಹೊರಡುವಾಗ ಬಾಗಿಲಲ್ಲಿ ನಿಲ್ಲುತ್ತಿದ್ದ. ಹದಿನಾರು ಮಂದಿ ಕೈಮುಗಿದು ಹೋಗುತ್ತಿದ್ದರು. ಸಿದ್ದಿಗಳು ಮಾತ್ರ ತಲೆಯ ರುಮಾಲು ಬಿಚ್ಚಿ ಕೊಡವಿ, ಬಾಯಿ ತೆರೆದು ತೋರಿಸಿ ಹೋಗಬೇಕಿತ್ತು.

"ಇನ್ನೂ ಅಗಲ ತೆರೆಯೋ, ಒಳಗೂ ಕತ್ತಲೆಯೇ!" ಎಂದು ಉಳಿದವರು ನಗುತ್ತಿದ್ದರು.

ಒಂದು ಸಂಜೆ ಒಬ್ಬ ಸಿದ್ದಿಯ ರುಮಾಲಿನಿಂದ ಒಂದು ಹಿಡಿ ಮೆಣಸು ಉದುರಿತು. ಹೆಂಡತಿಗೆ ಕೆಮ್ಮು, ಕಷಾಯಕ್ಕೆ ಬೇಕಿತ್ತು ಎಂದ.

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?" ಎಂದ ವ್ಯಾಪಾರಿ.

"ತಪ್ಪಾಯಿತು ಒಡೆಯಾ. ಆದರೆ ಒಂದೇ ಒಂದು ದಿನ ಎಲ್ಲರ ರುಮಾಲೂ ಬಿಚ್ಚಿಸಿ ನೋಡಿ."

"ಅವರದ್ದು ಯಾಕೋ? ಇಷ್ಟು ವರ್ಷದಲ್ಲಿ ಮಾಲು ಸಿಕ್ಕಿದ್ದು ನಿಮ್ಮವರ ಹತ್ತಿರ ಮಾತ್ರ."

ಮಾತು ನಿಜವೇ. ಬೇರೆಯವರಲ್ಲಿ ಅವನು ಹುಡುಕಿರಲೇ ಇಲ್ಲ.

ಮುಂದಿನ ತಿಂಗಳು ಒಂದು ಮೂಟೆಯೇ ಕಾಣೆಯಾಯಿತು. ವ್ಯಾಪಾರಿ ವಿಚಾರಿಸಲು ಹೋಗಲಿಲ್ಲ. ಕಳ್ಳ ಯಾರೆಂದು ಗೊತ್ತಿತ್ತಲ್ಲ. ಆ ಸಿದ್ದಿಯನ್ನು ಕಂಬಕ್ಕೆ ಕಟ್ಟಿಸಿದ. ಮೂಟೆ ಎಲ್ಲಿ, ಮೂಟೆ ಎಲ್ಲಿ ಎಂದು ಕೇಳುತ್ತ ಹೊಡೆಸಿದ. ಗೊತ್ತಿಲ್ಲದ್ದನ್ನು ಅವನು ಹೇಗೆ ಹೇಳಿಯಾನು? ಮೂರನೆಯ ದಿನ ಸತ್ತ. ಉಳಿದ ಮೂವರನ್ನು ವ್ಯಾಪಾರಿ ಊರುಬಿಡಿಸಿದ.

ಅಂದಿನಿಂದ ಬಾಗಿಲಲ್ಲಿ ಯಾರನ್ನೂ ತಡೆಯುವ ಕೆಲಸವಿರಲಿಲ್ಲ. ವ್ಯಾಪಾರಿ ನೆಮ್ಮದಿಯಿಂದ ಮಲಗಿದ. ಮಳೆಗಾಲ ಕಳೆದು ನೋಡಿದರೆ, ಸಿದ್ದಿಗಳು ಹೋದ ಮೇಲೆ ಬಂದ ಸರಕಿನಲ್ಲಿಯೇ ಹನ್ನೊಂದು ಮೂಟೆ ಇಲ್ಲ.

ವ್ಯಾಪಾರಿ ಹಣೆ ಚಚ್ಚಿಕೊಂಡ. "ಹಾಳಾದವರು, ಹೋಗುವ ಮುಂಚೆ ಇವರಿಗೂ ಕದಿಯುವುದನ್ನು ಕಲಿಸಿ ಹೋದರು!"

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಹಾಗಾದರೆ ಆ ಮೊದಲ ಮೂಟೆ ಕದ್ದವನು ಯಾರು, ಗುರುಗಳೇ?"

"ಒಬ್ಬ ಮನುಷ್ಯ ಸತ್ತ ಎಂದೆ, ನೀನಿನ್ನೂ ಮೂಟೆ ಹುಡುಕುತ್ತಿದ್ದೀಯ."