ಆರು ಮನೆ ಸುತ್ತಿದ ಕಾಲುಚೀಲ

ಶಿಷ್ಯನು ಕೇಳಿದನು: “ಗುರುಗಳೇ, ನನ್ನ ಗೆಳೆಯನೊಬ್ಬನಿಗೆ ಒಂದು ಸಂದೇಹವಿದೆ. ಹತ್ತು ವರ್ಷ ಕಲಿತು ಬಲ್ಲವನೆನಿಸಿಕೊಂಡವನು, ತನಗೆ ತಿಳಿಯದುದನ್ನು ಬಲ್ಲವರ ಕೂಟದಲ್ಲಿ ಬಾಯಿಬಿಟ್ಟು ಕೇಳಬಹುದೇ? ಕೇಳಿದರೆ ಇದ್ದ ಮರ್ಯಾದೆಯೂ ಹೋಗುವುದಿಲ್ಲವೇ?”

ಗುರುಗಳು ಯಾವ ಗೆಳೆಯನೆಂದು ವಿಚಾರಿಸಿದರು. ಶಿಷ್ಯನು ದೂರದವನೆಂದನು. ಗುರುಗಳು ಹೆಸರನ್ನು ಕೇಳದೆ ಕತೆಯನ್ನು ಹೇಳಿದರು.

ಚಳಿಯ ಸೀಮೆಯ ಒಂದು ಊರಿನಲ್ಲಿ ಉಣ್ಣೆಯ ಹೆಣಿಗೆಯಲ್ಲಿ ಪಳಗಿದ ಏಳು ಮಂದಿ ಹೆಂಗಸರಿದ್ದರು. ಟೋಪಿಯಾಗಲಿ ಶಾಲಾಗಲಿ ಅವರ ಕಡ್ಡಿಯಿಂದ ಇಳಿದರೆ ಅದರಲ್ಲಿ ತಪ್ಪು ಹುಡುಕುವವರಿರಲಿಲ್ಲ. ವರ್ಷಕ್ಕೊಮ್ಮೆ ಅವರು ಕೂಟ ಸೇರುತ್ತಿದ್ದರು. ಪ್ರತಿ ಕೂಟದಲ್ಲಿ ಒಬ್ಬಳು ಹೊಸದೊಂದನ್ನು ಉಳಿದವರಿಗೆ ಕಲಿಸಬೇಕೆಂಬುದು ನಿಯಮ. ಬಹುಕಾಲದಿಂದ ಕಲಿಸುವವಳು ಎಲ್ಲರಿಗೂ ಗೊತ್ತಿದ್ದುದನ್ನೇ ಕಲಿಸುತ್ತಿದ್ದಳು. ಕಲಿಯುವವರು ಆಗಷ್ಟೇ ಕೇಳಿದವರಂತೆ ತಲೆದೂಗುತ್ತಿದ್ದರು. ಬಳಿಕ ಊಟವಾಗುತ್ತಿತ್ತು. ಊಟ ಚೆನ್ನಾಗಿರುತ್ತಿದ್ದುದರಿಂದ ಕೂಟವೂ ಚೆನ್ನಾಗಿ ನಡೆದಿದೆಯೆಂದು ಎಲ್ಲರೂ ಹೇಳುತ್ತಿದ್ದರು.

ಅವರ ಹೆಣಿಗೆಯನ್ನು ಕೊಳ್ಳುತ್ತಿದ್ದವನು ಒಬ್ಬನೇ ವರ್ತಕ. ಒಂದು ವರ್ಷ ಅವನು ಬಂದು, ಟೋಪಿ ಈಗ ಯಾರಿಗೂ ಬೇಡ, ಕಾಲುಚೀಲ ಬೇಕು ಎಂದನು. ಹಿಮ್ಮಡಿಗೆ ಸರಿಯಾಗಿ ಕೂರುವ ಕಾಲುಚೀಲವನ್ನು ಕೂಟದ ದಿನ ತೋರಿಸಿದರೆ ಚಳಿಗಾಲದ ಕೆಲಸವೆಲ್ಲ ಈ ಊರಿಗೆ, ಇಲ್ಲವಾದರೆ ಹೊಳೆಯಾಚೆಯ ಊರಿಗೆ ಎಂದು ಹೇಳಿ ಹೋದನು.

ಎಲ್ಲರೂ ಹಿರಿಯಳ ಮುಖವನ್ನು ನೋಡಿದರು. ಆ ವರ್ಷ ಕಲಿಸುವ ಸರದಿಯೂ ಅವಳದೇ ಆಗಿತ್ತು. ಕಾಲುಚೀಲದಲ್ಲಿ ಹಿಮ್ಮಡಿ ತಿರುಗಿಸುವುದು, ಎಂದರೆ ನೇರ ಹೆಣಿಗೆಯನ್ನು ಹಿಮ್ಮಡಿಯ ಬಳಿ ಬಾಗಿಸಿ ಪಾದದ ಕಡೆಗೆ ಒಯ್ಯುವುದು, ಹಿರಿಯಳಿಗೆ ಬಾರದು. ಆದರೆ ನಲವತ್ತು ವರ್ಷ ಕಡ್ಡಿ ಹಿಡಿದವಳು ಬಾರದೆನ್ನುವುದು ಹೇಗೆ? ಅದೇನು ದೊಡ್ಡ ಕೆಲಸ ಎಂದುಬಿಟ್ಟಳು.

ಮನೆಗೆ ಬಂದು, ಕೆಂಪು ನೂಲಿನ ಅಂಚು ಕಟ್ಟಿ, ಮೇಲಿನಿಂದ ಒಂದು ಗೇಣು ಹೆಣೆದು, ಹಿಮ್ಮಡಿಯ ಬಳಿ ಬಂದು ನಿಂತಳು. ಮೂರು ದಿನ ಅಲ್ಲೇ ನಿಂತಳು. ನಾಲ್ಕನೆಯ ದಿನ ಅದನ್ನು ಕಡ್ಡಿಗಳ ಸಮೇತ ಬಟ್ಟೆಯಲ್ಲಿ ಸುತ್ತಿ ಎರಡನೆಯವಳ ಮನೆಗೆ ಒಯ್ದಳು. ಮನೆಗೆ ನೆಂಟರು ಬಂದಿದ್ದಾರೆ, ಹಿಮ್ಮಡಿಯೊಂದನ್ನು ತಿರುಗಿಸಿಕೊಡು, ಯಾರಿಗೂ ಹೇಳಬೇಡ ಎಂದಳು.

ಎರಡನೆಯವಳಿಗೂ ಬಾರದು. ಹಿರಿಯಳೇ ನಂಬಿ ಬಂದಿರುವಾಗ ಬಾರದೆನ್ನುವುದು ಹೇಗೆ? ಏನೂ ಮಾಡಲಿಲ್ಲವೆನ್ನಬಾರದೆಂದು ನಾಲ್ಕು ಬೆರಳು ನೇರವಾಗಿ ಹೆಣೆದಳು. ಬಳಿಕ ಅದನ್ನು ತನ್ನದೆಂದು ಹೇಳಿ, ಬೆರಳು ಉಳುಕಿದೆಯೆಂದು ಮೂರನೆಯವಳಿಗೆ ಕೊಟ್ಟಳು. ಮೂರನೆಯವಳೂ ನಾಲ್ಕು ಬೆರಳು ಹೆಣೆದು, ಸೋಮವಾರ ಹಿಮ್ಮಡಿ ಮುಟ್ಟುವುದಿಲ್ಲವೆಂಬ ಹರಕೆಯಿದೆಯೆಂದು ನಾಲ್ಕನೆಯವಳಿಗೆ ಕೊಟ್ಟಳು. ಅಂದು ಗುರುವಾರ. ನಾಲ್ಕನೆಯವಳು ಅದನ್ನು ಗಮನಿಸಲಿಲ್ಲ. ಐದನೆಯವಳಿಗೆ ಹೇಳಲು ತನಗೊಂದು ನೆವವನ್ನು ಅವಳು ಆಗಲೇ ಹುಡುಕುತ್ತಿದ್ದಳು.

ಕೂಟದ ಹಿಂದಿನ ದಿನ ಏಳನೆಯವಳು ಬಟ್ಟೆಯ ಸುರುಳಿಯೊಂದನ್ನು ಹಿಡಿದು ಹಿರಿಯಳ ಮನೆಗೆ ಬಂದಳು.

“ಅಕ್ಕಾ, ನನಗೆ ಬಾರದೆಂದಲ್ಲ, ಕಣ್ಣು ಉರಿಯುತ್ತಿದೆ. ಈ ಹಿಮ್ಮಡಿಯೊಂದನ್ನು ತಿರುಗಿಸಿಕೊಡಿ. ನಿಮ್ಮ ಕೈಗೆ ಇದು ಎಷ್ಟರ ಕೆಲಸ?”

ಅವಳು ಹೋದ ಮೇಲೆ ಹಿರಿಯಳು ಬಟ್ಟೆಯನ್ನು ಬಿಚ್ಚಿದಳು. ತೊಡೆಯವರೆಗೆ ಬರುವಷ್ಟು ಉದ್ದದ ಕಾಲುಚೀಲವೊಂದು ಒಳಗಿತ್ತು. ಇಷ್ಟು ಉದ್ದ ಹೆಣೆಯುವ ಮೂಢೆ ಯಾರೆಂದು ಅವಳು ನಕ್ಕಳು. ಆಮೇಲೆ ತುದಿಯಲ್ಲಿ ಕೆಂಪು ಅಂಚನ್ನು ಕಂಡಳು. ಕಡ್ಡಿಗಳೂ ತನ್ನವೇ. ಹಿಮ್ಮಡಿ ಮಾತ್ರ ಇರಲಿಲ್ಲ.

ಮರುದಿನ ಕೂಟದಲ್ಲಿ ಅದನ್ನೇ ಎಲ್ಲರ ಮುಂದೆ ಹಾಸಿದಳು. ವರ್ತಕನು ಅದನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದನು.

“ತಾಯಿ, ಇದು ಕಾಲಿಗೋ, ಆನೆಯ ಸೊಂಡಿಲಿಗೋ?”

“ನನಗೆ ಹಿಮ್ಮಡಿ ತಿರುಗಿಸಲು ಬಾರದಪ್ಪ,” ಎಂದಳು ಹಿರಿಯಳು. “ಕೇಳಲು ನಾಚಿದೆ. ಇದು ಆರು ಮನೆ ಸುತ್ತಿ, ಹಿಮ್ಮಡಿಯಿಲ್ಲದೆ ಹೋದದ್ದು ಹಿಮ್ಮಡಿಯಿಲ್ಲದೆಯೇ ಬಂತು.”

ಆರು ಮಂದಿಯೂ ನೆಲವನ್ನು ನೋಡಿದರು. ಮೊದಲು ಏಳನೆಯವಳು, ತನಗೂ ಬಾರದು ಎಂದಳು. ಉಳಿದವರೂ ಒಬ್ಬೊಬ್ಬರಾಗಿ ಒಪ್ಪಿಕೊಂಡರು. ಮೂರನೆಯವಳು ಹರಕೆಯ ಮಾತನ್ನೆತ್ತಿ, ಎಲ್ಲರೂ ತನ್ನನ್ನೇ ನೋಡುವುದನ್ನು ಕಂಡು, ಅಲ್ಲಿಗೇ ಬಿಟ್ಟಳು.

ವರ್ತಕನು ಹೊಳೆಯಾಚೆಯ ಊರಿಗೆ ಹೊರಡಲು ಎದ್ದನು. ಮೆಟ್ಟುಗಳನ್ನು ಹೊರಗೆ ಬಿಟ್ಟು ಬಂದಿದ್ದುದರಿಂದ ಅವನ ಕಾಲುಚೀಲಗಳು ಕಂಡವು. ಅವುಗಳ ಹಿಮ್ಮಡಿ ಸೊಗಸಾಗಿ ಕೂತಿತ್ತು. ಹಿರಿಯಳು ಬಾಗಿಲಿಗೆ ಅಡ್ಡ ನಿಂತು, ಅವುಗಳಲ್ಲಿ ಒಂದನ್ನು ಸಂಜೆಯವರೆಗೆ ಬೇಡಿದಳು. ವರ್ತಕನು ಮತ್ತೆ ಕೂತು ಒಂದನ್ನು ಕಳಚಿ ಕೊಟ್ಟನು.

ಏಳು ತಲೆಗಳು ಒಂದು ಕಾಲುಚೀಲದ ಮೇಲೆ ಬಾಗಿದವು. ಬೆರಳಿನ ಕಡೆಯಿಂದ ಸಾಲುಸಾಲಾಗಿ ಬಿಚ್ಚಿದರು. ಎಲ್ಲಿ ಕುಣಿಕೆ ಕಡಿಮೆಯಾಯಿತು, ಎಲ್ಲಿ ಹೆಚ್ಚಾಯಿತು ಎಂದು ಗಟ್ಟಿಯಾಗಿ ಎಣಿಸಿದರು. ತಿಳಿಯದವಳು ತಿಳಿಯಲಿಲ್ಲವೆಂದಳು, ಆಗ ಮತ್ತೆ ಎಣಿಸಿದರು. ಬಿಚ್ಚಿದ್ದನ್ನು ಸರದಿಯಂತೆ ತಿರುಗಿ ಹೆಣೆದರು. ಏಳು ಕೈಯ ಬಿಗಿ ಏಳು ಬಗೆಯಾದ್ದರಿಂದ ಹಿಮ್ಮಡಿ ಕೊಂಚ ಸೊಟ್ಟಗಾಯಿತು. ಆದರೆ ವರ್ತಕನು ತೊಟ್ಟು ಅಂಗಳದಲ್ಲಿ ನಡೆದಾಗ ಅದು ಜಾರಲಿಲ್ಲ. ಬೆಳಗಿನಿಂದ ಒಂದು ಬರಿಗಾಲನ್ನು ಮಡಿಚಿಕೊಂಡು ಕೂತಿದ್ದ ಅವನಿಗೆ ಕಾಲುಚೀಲದ ಬೆಲೆ ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು. ಚಳಿಗಾಲದ ಕೆಲಸವನ್ನು ಅವರಿಗೇ ಒಪ್ಪಿಸಿದನು.

ಆ ವರ್ಷ ಕೂಟದ ಊಟ ತಣ್ಣಗಾಗಿತ್ತು. ಯಾರೂ ದೂರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನು ಕೈಮುಗಿದು, ಈ ಕತೆಯನ್ನು ತನ್ನ ಗೆಳೆಯನಿಗೆ ತಪ್ಪದೆ ತಲುಪಿಸುವೆನೆಂದನು.

ಗುರುಗಳು ಹೇಳಿದರು: “ಕಾಲುಚೀಲ ಆಗಲೇ ತೊಡೆಯವರೆಗೆ ಬಂದಿದೆಯಪ್ಪ, ಇನ್ನು ಯಾವ ಮನೆಗೆ ಕಳಿಸುವೆ?”