ಅರವಟ್ಟಿಗೆಗೆ ಕಾರಣ ಕೇಳಿದ ಪಂಡಿತರು

ತ್ರ್ಯಂಬಕ ಪಂಡಿತರು ಬಾಯಿ ತೆರೆದರೆ ತರ್ಕ, ಮುಚ್ಚಿದರೆ ಜಂಭ. "ಕಾರಣ ತೋರಿಸಲಾಗದ ಕಟ್ಟಳೆ ಯಾವುದಿದ್ದರೂ ಕಿತ್ತು ಬಿಸಾಡಬೇಕು, ಪ್ರಭು" ಎಂದು ಅರಸ ಹಿರೇಮಲ್ಲನಾಯಕನ ತಲೆಗೆ ತುಂಬಿಬಿಟ್ಟರು. ಅರಸನಿಗೋ ಹೊಸ ಮಾತೆಂದರೆ ಹಬ್ಬ.

ಮೊದಲ ಏಟು ಬಿದ್ದದ್ದು ಕೋಟೆಬಾಗಿಲ ಅರವಟ್ಟಿಗೆಗೆ. ಅಲ್ಲಿ ಹೊನ್ನಜ್ಜಿ ಎಂಬ ಮುದುಕಿ ಬಿಸಿಲಲ್ಲಿ ಬಂದವರಿಗೆಲ್ಲ ನೀರು, ಮಜ್ಜಿಗೆ ಕೊಡುತ್ತಿದ್ದಳು. ಕೊಡುವುದಕ್ಕೆ ಕಾರಣ ತೋರಿಸಿ, ಇಲ್ಲವೇ ಮುಚ್ಚಿ ಎಂದರು ಪಂಡಿತರು.

ಮಂತ್ರಿ ಬೊಮ್ಮರಸ ಇದನ್ನು ಒಪ್ಪಲಿಲ್ಲ. ಈ ಸುಡುಬಿಸಿಲಲ್ಲಿ ಹರದಾರಿಗಟ್ಟಲೆ ನಡೆದು ಬಂದವರು ಎಲ್ಲಿಗೆ ಹೋಗಬೇಕು? ಮುದುಕಿಗಾದರೂ ಬೇರೆ ಸೂರು ಎಲ್ಲಿದೆ? ವಾದಕ್ಕೆ ತಾನೇ ಕೂರುತ್ತೇನೆಂದ. ಅರಸ ಜರತಾರಿ ಶಾಲೊಂದನ್ನು ತರಿಸಿ, ಇದು ಗೆದ್ದವರಿಗೆ ಎಂದ.

ನೀರು ಕೊಟ್ಟರೆ ಪುಣ್ಯ ಎಂದ ಬೊಮ್ಮರಸ. ಪುಣ್ಯವನ್ನು ಕಂಡವರಾರು ಎಂದರು ಪಂಡಿತರು. ಇಂದು ನೀರು ಕುಡಿದವರು ನಾಳೆ ನಮಗೆ ಆಗುತ್ತಾರೆ ಎಂದ. ದಾರಿಹೋಕರು ತಿರುಗಿ ಬರುವುದುಂಟೇ ಎಂದರು. ಬಾಯಾರಿದವರನ್ನು ಕಂಡರೆ ಕರುಳು ಚುರ್ ಎನ್ನುತ್ತದೆ ಎಂದ. ಹಸಿದಾಗಲೂ ಹಾಗೇ ಎನ್ನುತ್ತದೆ, ಅದು ಪ್ರಮಾಣವಲ್ಲ ಎಂದರು. ಸಭೆ ಗೊಳ್ಳೆಂದು ನಕ್ಕಿತು. ಪಾಪ, ವಾದ ಕೇಳಲು ಬಂದಿದ್ದ ಹೊನ್ನಜ್ಜಿ ಕಂಬದ ಮರೆಯಲ್ಲಿ ಕಣ್ಣೊರೆಸಿಕೊಂಡಳು.

"ಸೋತೆ" ಎಂದ ಬೊಮ್ಮರಸ. ಎಂದವನೇ ಶಾಲನ್ನು ತಾನೇ ಹೊದ್ದು ಮನೆ ಕಡೆ ಹೊರಟ.

ಪಂಡಿತರು ಹೌಹಾರಿದರು. "ಗೆದ್ದವನು ನಾನಯ್ಯ, ಶಾಲು ನನ್ನದು."

"ಗೆದ್ದವರಿಗೇ ಯಾಕೆ ಕೊಡಬೇಕು? ಕಾರಣ ಹೇಳಿ."

"ಹಾಗಂತ ಮಾತಾಗಿತ್ತಲ್ಲ."

"ಮಾತಿನಂತೆ ಯಾಕೆ ನಡೆಯಬೇಕು?"

ನಡೆಯದಿದ್ದರೆ ನಾಳೆ ನಿನ್ನನ್ನು ಯಾರೂ ನಂಬುವುದಿಲ್ಲ ಎಂದರು ಪಂಡಿತರು. ಶಾಲು ಸಿಕ್ಕಿತಲ್ಲ, ನಂಬಿಕೆ ಕಟ್ಟಿಕೊಂಡು ನನಗೇನಾಗಬೇಕು ಎಂದ. ಅದು ಅನ್ಯಾಯ ಎಂದರು. ನ್ಯಾಯವನ್ನು ಕಂಡವರಾರು ಎಂದ. ಪಂಡಿತರ ಮುಖ ಕೆಂಡವಾಯಿತು.

"ಅಯ್ಯಾ, ವಾದಕ್ಕೆ ಕೂರುವ ಮುಂಚೆಯೇ ಕೆಲವನ್ನು ಒಪ್ಪಿಕೊಂಡಿರಬೇಕು. ಅವಕ್ಕೂ ಕಾರಣ ಕೇಳುತ್ತಾ ಹೋದರೆ ಮನುಷ್ಯರು ಎದುರುಬದುರು ಕೂತು ಮಾತಾಡುವುದಾದರೂ ಹೇಗೆ?"

ಬೊಮ್ಮರಸ ಶಾಲನ್ನು ತೆಗೆದು ಪಂಡಿತರಿಗೇ ಹೊದಿಸಿ ಕೈಮುಗಿದ. "ಅರವಟ್ಟಿಗೆಯಲ್ಲೂ ಅಷ್ಟೇ, ಪಂಡಿತರೇ. ಮೊದಲು ನೀರು ಕೊಡುತ್ತೇವೆ. ವಾದ ಮಾಡುವುದಕ್ಕೆ ಮನುಷ್ಯ ಬದುಕಿರಬೇಕಲ್ಲ."

ಅರಸ ಬಿದ್ದುಬಿದ್ದು ನಕ್ಕ. ಅರವಟ್ಟಿಗೆ ಉಳಿಯಿತು, ಅಂದಿನಿಂದ ಅರಮನೆಯ ಮಜ್ಜಿಗೆಯೂ ಅಲ್ಲಿಗೇ ಹೋಗಬೇಕೆಂದು ಅಪ್ಪಣೆಯಾಯಿತು. ಕೂಗಿ ಕೂಗಿ ಗಂಟಲು ಒಣಗಿಸಿಕೊಂಡಿದ್ದ ಪಂಡಿತರು ಹೊರಗೆ ಬಂದವರೇ ಅರವಟ್ಟಿಗೆಯ ಮುಂದೆ ಬೊಗಸೆಯೊಡ್ಡಿದರು. ಹೊನ್ನಜ್ಜಿ ನಗುತ್ತಾ ಸುರಿದಳು.